ತಾಳವಾಡಿ ಚಳಿಗೊಂದು ಲೆಕ್ಕ

ನಾನು ಏಳನೇ ಕ್ಲಾಸು ಓದಿ ಬಿಟ್ಟವನು. ಹೊಲ ಉಳೋದು, ರಾತ್ರಿ ಹೊತ್ತು ಕೂತು ಪದ ಹೇಳೋದು, ಇವೆರಡೇ ನನಗೆ ಗೊತ್ತಿರುವ ಕಸುಬು. ಈ ಪುಸ್ತಕಕ್ಕೆ ಊರಿನ ಚರಿತ್ರೆ ಏನಾದರೂ ಬರೆದುಕೊಡಿ ಅಂತ ಹುಡುಗರು ಕೇಳಿದಾಗ ಮೊದಲು ಬೇಡ ಅಂದೆ. ರಾಜರು, ಪಾಳೇಗಾರರ ಚರಿತ್ರೆ ಬರೆಯೋಕೆ ಓದಿದವರು ಇದ್ದಾರೆ. ಆಮೇಲೆ ಒಂದು ಮಾತಿಗೆ ಸಿಕ್ಕಿಹಾಕಿಕೊಂಡು ಬರೀಲೇಬೇಕಾಯ್ತು.

ಹೋದ ಮಾರ್ಗಶಿರ ಮಾಸ. ಹೊತ್ತಾರೆ ವಾಚನಾಲಯದ ಜಗಲಿ ಮೇಲೆ ನಾವು ನಾಲ್ಕೈದು ಜನ ಮುದುಕರು ಬಿಸಿಲು ಕಾಯಿಸಿಕೊಂಡು ಕೂತಿದ್ದೊ. ಈಗಿನದೂ ಒಂದು ಚಳಿಯಾ, ನಮ್ಮ ಕಾಲದ್ದು ಚಳಿ ಅಂದ್ರೆ ಚಳಿ ಅಂತ ಮಾತು ನಡೀತಿತ್ತು. ನಮ್ಮಕ್ಕನ ಮೊಮ್ಮಗ ಪಕ್ಕದಲ್ಲೇ ಪೇಪರ್ ಓದ್ತಾ ಇದ್ದ. ಕೊಯಮತ್ತೂರಲ್ಲಿ ಕಾಲೇಜಿಗೆ ಹೋಗೋ ಹುಡುಗ. "ತಾತ, ಎಲ್ಲಾ ಊರಲ್ಲೂ ಎಲ್ಲಾ ವಯಸ್ಸಾದವ್ರೂ ಇದನ್ನೇ ಹೇಳ್ತಾರೆ. ಚಳಿ ಕಮ್ಮಿ ಆಗದೆ ಅನ್ನೋಕೆ ಲೆಕ್ಕ ಎಲ್ಲದೆ?" ಅಂದ.

"ಲೆಕ್ಕ ಮೈಯೊಳಗದೆ ಕನ್ಲಾ" ಅಂದೆ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗೀತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಅವನು ಕೇಳಿದ್ದು ಸರಿಯಾಗೇ ಇತ್ತು. ಐವತ್ತು ವರ್ಷ ಪದ ಹೇಳಿದ್ದೀನಿ, ಅದರಲ್ಲಿ ಬರ ಬರುತ್ತದೆ, ಮಳೆ ಬರುತ್ತದೆ, ಹೊಳೆ ತುಂಬುತ್ತದೆ. ಇಂಥ ವರ್ಷ ಇಷ್ಟು ಚಳಿ ಇತ್ತು ಅನ್ನೋ ಮಾತು ನಾನು ಕಲಿತ ಯಾವ ಪದದಲ್ಲೂ ಇಲ್ಲ. ಬರ ಊರಿಗೆಲ್ಲ ಬರುತ್ತದೆ, ಅದಕ್ಕೇ ಪದಕ್ಕೆ ಹತ್ತಿತು. ಚಳಿ ಒಬ್ಬೊಬ್ಬರ ಮನೆಯೊಳಗೆ ಬರೋದು, ಅದನ್ನ ಯಾರು ಹಾಡ್ತಾರೆ.

ಮೊದಲು ನಮ್ಮ ಜಾಗದ ಮಾತು ಹೇಳ್ತೀನಿ, ಹೊರಗಿನವರು ಓದಿದರೆ ತಿಳೀಲಿ ಅಂತ. ನಾವಿರೋದು ತಮಿಳುನಾಡಿನ ಈರೋಡ್ ಜಿಲ್ಲೆ. ಆಡೋ ಮಾತು ಕನ್ನಡ. ನೆಲ ನೋಡಿದರೆ ಮೈಸೂರು ಸೀಮೆಯ ಎತ್ತರದ ನೆಲದ ತೆಂಕಣ ಅಂಚು. ಬಣ್ಣಾರಿ ಅಮ್ಮನ ಗುಡಿಯಿಂದ ಮೇಲಕ್ಕೆ ದಿಂಬಂ ಘಾಟಿಯಲ್ಲಿ 27 ತಿರುವು ಹತ್ತಿದರೆ ನಮ್ಮ ಗಾಳಿ ಸಿಗುತ್ತದೆ. ಚಾಮರಾಜನಗರದಿಂದ ಬರೋರಿಗೆ ಘಾಟಿಯೇ ಇಲ್ಲ, ಸಮನಾದ ದಾರಿ. ಪಡುವಣಕ್ಕೆ ನೀಲಗಿರಿ ಬೆಟ್ಟ ಗೋಡೆ ಹಂಗೆ ನಿಂತದೆ, ನಡುವೆ ಮೋಯಾರು ಹೊಳೆಯ ಆಳವಾದ ಕಣಿವೆ. ಆ ಗೋಡೆಯಿಂದಲೇ ನಮ್ಮ ಮಳೆ, ಬಿಸಿಲು, ಚಳಿ ಎಲ್ಲಾ ತೀರ್ಮಾನ ಆಗೋದು. ಮುಂಗಾರಿನ ದಪ್ಪ ಮಳೆಯೆಲ್ಲ ನೀಲಗಿರಿಯ ಆಚೆ ಮಗ್ಗುಲಿಗೆ ಸುರಿದುಹೋಗಿ, ನಮಗೆ ಬರೋದು ಗಾಳಿ ಮತ್ತು ಸೋನೆ. ನಮ್ಮ ನಿಜವಾದ ಮಳೆ ಎರಡು ಸಲ. ಭರಣಿ, ಕೃತ್ತಿಕೆಯಲ್ಲಿ ಗುಡುಗು ಸಿಡಿಲಿನ ಮಳೆ ಒಂದು. ಆಮೇಲೆ ಉತ್ತರೆಯಿಂದ ಸ್ವಾತಿ ತನಕ ಬರೋ ಹಿಂಗಾರು ಇನ್ನೊಂದು.

ಎತ್ತರಕ್ಕೆ ಹೋದರೆ ತಂಪು ಅನ್ನೋದು ಎಲ್ಲರಿಗೂ ಗೊತ್ತು. ಎಷ್ಟು ತಂಪು ಅಂತ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ವಾಚನಾಲಯಕ್ಕೆ ಒಬ್ಬರು ಒಂದು ಉಷ್ಣಮಾಪಕ ಕೊಟ್ಟಿದ್ದರು, ಕೆಂಪು ನೀರು ಏರಿ ಇಳಿಯೋದು. ಒಂದು ದಿನ ಸತ್ಯಮಂಗಲಕ್ಕೆ ಹೋಗೋವಾಗ ಅದನ್ನ ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ವಾಪಸು ಬರ್ತಾ ಬಣ್ಣಾರಿಯಲ್ಲಿ ಬಸ್ಸು ನಿಂತಾಗ ಮರದ ನೆರಳಿಗೆ ಹಿಡಿದೆ, 34 ಡಿಗ್ರಿ. ದಿಂಬಂನಲ್ಲಿ ಇಳಿದು ಟೀ ಅಂಗಡಿ ನೆರಳಲ್ಲಿ ಹಿಡಿದೆ, 29. ಕಂಡಕ್ಟರು, "ಏನ್ ಯಜಮಾನ್ರೇ, ಬಸ್ಸಿಗೆ ಜ್ವರವಾ?" ಅಂದ. ಸಾವಿರ ಮೀಟರ್ ಮೇಲೆ ಹೋದರೆ ಹೆಚ್ಚುಕಡಿಮೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಘಾಟಿಯ ಎತ್ತರಕ್ಕೆ ಲೆಕ್ಕ ಹಾಕಿದರೆ ಐದು ಡಿಗ್ರಿ ಸರಿಯೇ ಬಂತು. ಪುಸ್ತಕದ ಮಾತು ಕೈಯಲ್ಲಿ ಹಿಡಿದು ನೋಡಿದ್ದು ನನಗೆ ಅದೇ ಮೊದಲು.

ಈ ಐದು ಡಿಗ್ರಿಗೆ ಬಹಳ ಬೆಲೆ ಇದೆ. ಕೆಳಗೆ ಕಾಯಿ ಕಟ್ಟದ ಕೋಸು, ಗೆಡ್ಡೆ ಕಟ್ಟದ ಆಲೂಗಡ್ಡೆ ನಮ್ಮಲ್ಲಿ ಬೆಳೆಯೋದು ಇದರಿಂದ. ಹಿಂದೆ ಮೈಸೂರಿಂದ ಕೊಯಮತ್ತೂರು ಸೀಮೆಗೆ ಇಳಿಯೋ ದಾರಿ ದಿಂಬಂ ಅಲ್ಲ, ತಲಮಲೆ ಆಚೆಯ ಗಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ ಸೈನ್ಯ ಕಟ್ಟಿಕೊಂಡು ಅಲ್ಲಿ ಇಳಿದು ಸತ್ಯಮಂಗಲದ ಹತ್ತಿರ ಇಂಗ್ಲಿಷರ ಮೇಲೆ ಬಿದ್ದ. ಅವನ ಸಿಪಾಯಿಗಳಿಗೂ ಇದೇ ಐದು ಡಿಗ್ರಿ ಮೈಗೆ ತಾಕಿರಬೇಕು. ಆ ಕಣಿವೆಯ ಕೆಳಗಿದ್ದ ದಣಾಯಕನ ಕೋಟೆ ಈಗ ಭವಾನಿಸಾಗರ ಅಣೆಕಟ್ಟಿನ ನೀರಲ್ಲಿದೆ. 1955ರಲ್ಲಿ ಆ ಅಣೆಕಟ್ಟು ಮುಗೀತು. ದಿಂಬಂನಲ್ಲಿ ನಿಂತು ನೋಡಿದರೆ ಮಂಜಿಲ್ಲದ ದಿನ ಆ ನೀರು ತಗಡಿನ ಹಂಗೆ ಹೊಳೀತದೆ.

ನಮ್ಮ ವರ್ಷ ಪಂಚಾಂಗದ ಹಂಗೆ ಆರು ಋತು ಅಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನೋದು ಎಲ್ಲಾ ಕಡೆ ಮಾತು, ನಮ್ಮಲ್ಲೂ ಹೌದು. ಅಲ್ಲಿಂದ ಯುಗಾದಿ ದಾಟೋ ತನಕ ಬಿಸಿಲು ಏರುತ್ತದೆ. ಕಾಡು ಒಣಗಿ ಬೆಂಕಿ ಬೀಳೋ ಕಾಲ ಅದು. ಭರಣಿ ಮಳೆ ಬಿದ್ದ ಸಂಜೆಯೇ ಸೆಕೆ ಮುರೀತದೆ. ಸೂರ್ಯ ಇನ್ನೂ ನೆತ್ತಿ ಮೇಲೇ ಇರುತ್ತಾನೆ, ಆದರೂ ಆಷಾಢದ ಗಾಳಿ ಶುರುವಾದರೆ ಜೂನ್, ಜುಲೈನಲ್ಲಿ ಹಗಲು ಹೊತ್ತೇ ಕಂಬಳಿ ಹೊದೆಯೋ ಹಂಗಾಗುತ್ತದೆ. ಹೊರಗಿನ ಜನಕ್ಕೆ ಇದು ವಿಚಿತ್ರ. ಅವರು ಚಳಿ ಅಂದರೆ ಡಿಸೆಂಬರ್ ಒಂದೇ ಅಂದುಕೊಳ್ಳುತ್ತಾರೆ. ನಮಗೆ ಎರಡು ಚಳಿ. ಆಷಾಢದ್ದು ಹಗಲಿನ ಚಳಿ, ಗಾಳಿಯದು. ಧನುರ್ಮಾಸದ್ದು ರಾತ್ರಿಯ ಚಳಿ, ಗಾಳಿ ಇಲ್ಲದ್ದು. ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ, ಮೋಡ ಕಂಬಳಿ ಇದ್ದ ಹಂಗೆ, ಅದಿಲ್ಲದಿದ್ದರೆ ನೆಲ ಬೆತ್ತಲೆ.

ರಾತ್ರಿ ಚಳಿಯ ಬಗ್ಗೆ ನನಗೆ ಚೆನ್ನಾಗಿ ಗೊತ್ತಿರೋದು ಆನೆ ಕಾವಲಿನಿಂದ. ರಾಗಿ ತೆನೆ ಬಲಿಯೋ ಹೊತ್ತಿಗೆ ಆನೆ ಬರ್ತವೆ. ಹೊಲದ ನಡುವೆ ಮರದ ಮೇಲೆ ಅಟ್ಟಣೆ ಕಟ್ಟಿ ನಾನೂ ಅಪ್ಪನೂ ಮಲಗ್ತಿದ್ದೊ. ಮೇಲೆ ಗಾಳಿ ಜಾಸ್ತಿ, ಚಳಿ ಜಾಸ್ತಿ ಅಂತ ನಾನು ಹುಡುಗ ಬುದ್ಧಿಯಲ್ಲಿ ಒಂದು ರಾತ್ರಿ ಕೆಳಗೆ ಹುಲ್ಲು ಹಾಸಿಕೊಂಡು ಮಲಗಿದೆ. ಕೋಳಿ ಕೂಗೋ ಹೊತ್ತಿಗೆ ಹಲ್ಲು ಕಟಕಟ. ಅಪ್ಪ ಮೇಲಿಂದ, "ಚಳಿ ನೀರಿದ್ದಂಗೆ ಕನಪ್ಪ, ತಗ್ಗಿಗೆ ಹರೀತದೆ, ಮ್ಯಾಕ್ ಬಾ" ಅಂದ. ಅದು ಸುಳ್ಳಲ್ಲ. ತಣ್ಣಗಾದ ಗಾಳಿ ಭಾರ, ಇಳಿಜಾರಿನಲ್ಲಿ ಹರಿದು ಹಳ್ಳದ ಹೊಲದಲ್ಲಿ ನಿಲ್ಲುತ್ತದೆ. ನಮ್ಮ ತಗ್ಗಿನ ಹೊಲದ ಅವರೆ ಮೇಲೆ ಹೊತ್ತಾರೆ ಇಬ್ಬನಿ ನೀರು ಹೊಯ್ದ ಹಂಗೆ ಇರೋದು, ದಿಣ್ಣೆ ಹೊಲದಲ್ಲಿ ಅಷ್ಟಿರಲ್ಲ. ಒಂದೇ ಊರಲ್ಲಿ ಒಂದೇ ರಾತ್ರಿ ಎರಡು ಚಳಿ. ಹಂಗಿರೋವಾಗ ತಾಳವಾಡಿಯ ಚಳಿ ಇಷ್ಟು ಅಂತ ಯಾವ ಹೊಲದಲ್ಲಿ ನಿಂತು ಹೇಳೋದು?

ಇನ್ನು ಬರೆದಿಟ್ಟ ಲೆಕ್ಕಕ್ಕೆ ಬರ್ತೀನಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೊಯಮತ್ತೂರು ಸೀಮೆ ಇಂಗ್ಲಿಷರ ಕೈಗೆ ಹೋಯಿತು, ನಾವು ಮದ್ರಾಸಿನವರಾದೆವು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ದೊಡ್ಡ ಬರ ಶುರುವಾಯಿತು. 1876 ಧಾತು ಸಂವತ್ಸರ, 1877 ಈಶ್ವರ ಸಂವತ್ಸರ. ನಮ್ಮಜ್ಜಿ ದಾತು ಬರ ಅಂತಿದ್ದರು, ಕೆಳಗಿನ ತಮಿಳರೂ ತಾದು ವರ್ಷದ ಪಂಜ ಅಂತಲೇ ಹೇಳುತ್ತಾರೆ. ಭಾಷೆ ಎರಡಾದರೂ ಹೊಟ್ಟೆಯ ನೆನಪು ಒಂದೇ. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು ಅಂತ ಬರೆದಿದ್ದಾರೆ. ಎಲ್ಲೋ ದೂರದ ಶಾಂತ ಸಾಗರದ ನೀರು ಕಾವೇರಿದರೆ ನಮ್ಮ ಮಳೆ ಕೆಡುತ್ತದೆ ಅಂತ ಈಗ ಹೇಳುತ್ತಾರೆ. ಆ ವರ್ಷ ಹಂಗೇ ಆಗಿತ್ತಂತೆ. ಅಜ್ಜಿಗೆ ಅವರಜ್ಜಿ ಹೇಳಿದ ಒಂದು ಮಾತಿದೆ. ದಾತು ಬರದಲ್ಲಿ ಮೋಡವೇ ಇಲ್ಲದ್ದರಿಂದ ರಾತ್ರಿಯೆಲ್ಲ ಕುಳಿರು, ಹಗಲೆಲ್ಲ ಉರಿ, ಉಪವಾಸದ ಮೈಗೆ ಎರಡೂ ತಡೀಲಿಲ್ಲ ಅಂತ. ಉಷ್ಣಮಾಪಕ ಇಲ್ಲದ ಹೆಂಗಸು ಎಷ್ಟು ಸರಿಯಾಗಿ ನೋಡಿದ್ದಾಳೆ ಅಂತ ನನಗೆ ಈಗ ಅನ್ನಿಸುತ್ತದೆ.

ಬೆಂಗಳೂರಿನವರಿಗೆ ಲೆಕ್ಕ ಇದೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಚಳಿ ಬಿದ್ದದ್ದು 1884ರ ಜನವರಿ 13, 7.8 ಡಿಗ್ರಿ. ನೂರಮೂವತ್ತು ವರ್ಷ ಕಳೆದ ಮೇಲೆ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಬಿಸಿಲು. ಏಪ್ರಿಲ್ 24 ಅಂದರೆ ನಮ್ಮ ಗಾಜನೂರಿನ ಅಣ್ಣಾವ್ರು ಹುಟ್ಟಿದ ದಿನ, ಅದಕ್ಕೇ ನನಗೆ ತಾರೀಕು ಮರೆಯಲ್ಲ. ನಮ್ಮ ಊರಿನದು ಯಾವ ಪುಸ್ತಕದಲ್ಲಿ ಹುಡುಕೋದು? ರೇಡಿಯೋದಲ್ಲಿ ಬೆಂಗಳೂರಿನವರು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಅಂತ ಹವಾಮಾನ ಹೇಳೋರು. ಹವಾ ನೋಡಿದರೆ ನಾವು ದಕ್ಷಿಣ ಒಳನಾಡು, ಆದರೆ ನಮ್ಮ ಹೆಸರು ಅಲ್ಲಿರಲ್ಲ. ಇತ್ತ ಟೀವಿಯಲ್ಲಿ ಈರೋಡ್ 39 ಡಿಗ್ರಿ, ಮಧ್ಯಾಹ್ನ ಹೊರಗೆ ಬರಬೇಡಿ ಅಂತಾರೆ. ಆ ಹೊತ್ತಿಗೆ ನಮ್ಮ ಹೊಂಗೆ ಮರದ ಕೆಳಗೆ ಜನ ತಣ್ಣಗೆ ಚೌಕಾಬಾರ ಆಡ್ತಾ ಇರ್ತಾರೆ. ಜಿಲ್ಲೆಯ ಗೆರೆ ಕಾಗದದ ಮೇಲೆ ಎಳೀಬಹುದು, ಗಾಳಿಗೆ ಆ ಗೆರೆ ಕಾಣಲ್ಲ.

ಆ ಗೆರೆಯ ಮಾತಿನಿಂದಲೇ ನನ್ನ ಹುಟ್ಟಿನ ಲೆಕ್ಕ ಸಿಕ್ಕಿದ್ದು. ಇಸ್ಕೂಲು ಸರ್ಟಿಫಿಕೇಟಿನಲ್ಲಿ ನಾನು ಹುಟ್ಟಿದ್ದು ಜೂನ್ 1. ನಮ್ಮ ಓರಗೆಯವರು ಮುಕ್ಕಾಲು ಪಾಲು ಜೂನ್ 1ಕ್ಕೇ ಹುಟ್ಟಿದವರು, ಮೇಷ್ಟ್ರು ಕೊಟ್ಟ ಜನ್ಮ. ಅವ್ವ ಹೇಳ್ತಿದ್ದದ್ದು ಬೇರೆ: "ಕೊಳ್ಳೇಗಾಲ ಮೈಸೂರ್ಗೆ ಹೋಯ್ತಲ್ಲ, ಅದರ ಹಿಂದ್ಲ ಚಳೀಲಿ ನೀ ಹುಟ್ದೆ." 1956ರ ನವೆಂಬರ್ 1ರಂದು ರಾಜ್ಯಗಳನ್ನ ಹಂಚಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ತಾಳವಾಡಿ ಫಿರ್ಕಾ ಮದ್ರಾಸಿನಲ್ಲೇ ಉಳೀತು. ಆಮೇಲೆ 1979ರಲ್ಲಿ ಪೆರಿಯಾರ್ ಜಿಲ್ಲೆ ಅಂತ ಆಯ್ತು, ಅದೇ ಈಗಿನ ಈರೋಡ್. ಹಂಗಾದರೆ ಅದರ ಹಿಂದಲ ಚಳಿ ಅಂದರೆ 1957ರ ಜನವರಿ. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು ಅಂತಲೂ ಅವ್ವ ಹೇಳ್ತಿದ್ದಳು.

ಆ ಚಳಿಯ ಬಗ್ಗೆ ಅವ್ವ ಬಹಳ ಸಲ ಹೇಳಿದ್ದಳು. ಒಲೆ ಆರಿಸಲೇ ಇಲ್ಲ, ರಾಗಿ ಹೊಟ್ಟು ಬಿಸಿ ಮಾಡಿ ಬಟ್ಟೇಲಿ ಕಟ್ಟಿ ನಿನ್ನ ಕಾಲ ತಾವ ಇಡ್ತಿದ್ದೆ, ಅಂಥಾ ಚಳಿ ಆಮ್ಯಾಕೆ ಬರಲೇ ಇಲ್ಲ ಅಂತ. ನಾನೂ ಅದನ್ನ ನೂರು ಕಡೆ ಹೇಳಿದ್ದೀನಿ, ನಾನು ಹುಟ್ಟಿದ ವರ್ಷದ ಚಳಿ ತಾಳವಾಡಿ ಕಂಡ ದೊಡ್ಡ ಚಳಿ ಅಂತ. ಆದರೆ ಅವ್ವ ಹಾಸಿಗೆ ಹಿಡಿದ ವರ್ಷ ಒಂದು ರಾತ್ರಿ ಇನ್ನೊಂದು ಮಾತು ಹೇಳಿದಳು, ಅದಕ್ಕೆ ಮುಂಚೆ ಯಾವತ್ತೂ ಹೇಳಿರಲಿಲ್ಲ. ನನಗಿಂತ ದೊಡ್ಡವಳು ಒಂದು ಹೆಣ್ಣು ಮಗು ಇತ್ತು, ಮೂರು ವರ್ಷದ್ದು. ಅದು ಹೋದದ್ದು ಅದೇ ಚಳಿಯಲ್ಲಿ, ಕೆಮ್ಮು, ಜ್ವರ ಬಂದು. ಮನೆಯಲ್ಲಿ ಇದ್ದದ್ದು ಒಂದೇ ಕಂಬಳಿ, ಎರಡು ಹರಕು ಕೌದಿ. ಬಾಣಂತಿ ಅಂತ ಕಂಬಳಿ ಅವ್ವನಿಗೂ ನನಗೂ ಕೊಟ್ಟಿದ್ದರು. ಮಗು ಅಜ್ಜಿ ಮಗ್ಗುಲಲ್ಲಿ ಕೌದಿ ಒಳಗೆ ಮಲಗ್ತಿತ್ತು. "ಕಂಬ್ಳಿ ನಿನ್ ಮ್ಯಾಲಿತ್ತು ಮಗ" ಅಂದಳು, ಅಷ್ಟೇ.

ಆವತ್ತಿಂದ ನನಗೆ ಹಳೇ ಚಳಿಯ ಹೆಚ್ಚುಗಾರಿಕೆ ಮಾತಾಡೋಕೆ ಬಾಯಿ ಹಿಂಜರೀತದೆ. ಆವತ್ತಿನ ರಾತ್ರಿ ಎಷ್ಟು ಡಿಗ್ರಿ ಇತ್ತೋ, ಈಗಿನ ಜನವರಿಯಷ್ಟೇ ಇತ್ತೋ, ಎರಡು ಡಿಗ್ರಿ ಕಮ್ಮಿ ಇತ್ತೋ. ಕಂಬಳಿ ಎರಡು ಇದ್ದಿದ್ದರೆ ಅವ್ವನ ಪಾಲಿಗೆ ಅದು ಅಷ್ಟು ದೊಡ್ಡ ಚಳಿಯಾಗಿ ಉಳೀತಿತ್ತಾ? ಮುದುಕರು ಚಳಿಯ ಲೆಕ್ಕ ಹೇಳೋವಾಗ ಅರ್ಧ ಕಂಬಳಿಯ ಲೆಕ್ಕ ಹೇಳ್ತಾ ಇರ್ತಾರೆ ಅಂತ ನನಗನ್ನಿಸುತ್ತದೆ. ಕಂಬಳಿ ಸಸ್ತಾ ಆಗಿರಲಿಲ್ಲ. ಕುರುಬರ ಹಟ್ಟಿಯಲ್ಲಿ ಉಣ್ಣೆ ಕತ್ತರಿಸಿ, ನೂತು, ಮಗ್ಗದಲ್ಲಿ ನೆಯ್ದು, ಹುಣಸೆ ಬೀಜದ ಸರಿ ಹಚ್ಚಿ ಕೊಡೋರು. ಬದಲಿಗೆ ರಾಗಿ ಅಳೀಬೇಕಿತ್ತು, ವರ್ಷದ ಕೂಳಿನಲ್ಲಿ ಒಂದು ಪಾಲು. ಒಂದು ಕಂಬಳಿ ಮದುವೆಗೆ ಬಂದರೆ ಮೊಮ್ಮಕ್ಕಳ ತನಕ ನಡೀಬೇಕಿತ್ತು. ಈಗ ಸಂತೆಯಲ್ಲಿ ಸ್ವೆಟರು, ರಗ್ಗು ರಾಶಿ ಹಾಕಿ ಮಾರ್ತಾರೆ, ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಏಳು ರಗ್ಗಿವೆ. ನನಗೆ ಚಳಿ ಕಮ್ಮಿ ಆದದ್ದರಲ್ಲಿ ಆಕಾಶದ ಪಾಲೆಷ್ಟು, ಸಂತೆಯ ಪಾಲೆಷ್ಟು?

ಬಿಸಿಲಿನ ಮಾತೂ ಹಂಗೇ. ಹಿಂದಲದು ಹುಲ್ಲಿನ ಮನೆ, ಇಲ್ಲಾ ನಾಡ ಹೆಂಚು. ಮಣ್ಣಿನ ಗೋಡೆ ಮೊಳದಪ್ಪ. ಮಧ್ಯಾಹ್ನ ಒಳಗೆ ಬಂದರೆ ಬಾವಿಗೆ ಇಳಿದ ಹಂಗೆ ತಂಪು. ಈಗ ಸಿಮೆಂಟ್ ಶೀಟು, ತಾರಸಿ. ಶೀಟಿನ ಮನೆಯಲ್ಲಿ ಏಪ್ರಿಲ್ ತಿಂಗಳು ಕೂತವನು ಬಿಸಿಲು ಜಾಸ್ತಿ ಆಯ್ತು ಅನ್ನದೆ ಇನ್ನೇನು ಅಂತಾನೆ.

ಹಂಗಂತ ಏನೂ ಬದಲಾಗಿಲ್ಲ ಅಂತ ನಾನು ಹೇಳಲ್ಲ. 1901ರಿಂದ ಈಚೆಗೆ ಭಾರತದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆ ಅಂತ 2020ರಲ್ಲಿ ಕೇಂದ್ರ ಸರ್ಕಾರದವರೇ ಪುಸ್ತಕ ಮಾಡಿದ್ದಾರೆ. ಮುಕ್ಕಾಲು ಡಿಗ್ರಿ ಮೈಗೆ ಗೊತ್ತಾಗಲ್ಲ, ಹೊಲಕ್ಕೆ ಗೊತ್ತಾಗುತ್ತದೆ. ಅದಕ್ಕೆ ಮೈಯನ್ನ ಬಿಟ್ಟು ಬೇರೆ ಸಾಕ್ಷಿ ಹುಡುಕಿದೆ.

ಒಂದು, ತಮಟೆ. ಧನುರ್ಮಾಸದ ರಾತ್ರಿ ಪದ ಹೇಳೋಕೆ ಕೂತರೆ ಅಗ್ಗಿಷ್ಟಿಕೆ ಹಾಕಲೇಬೇಕು, ಜನಕ್ಕೆ ಅಷ್ಟೇ ಅಲ್ಲ, ಚರ್ಮಕ್ಕೂ. ಇಬ್ಬನಿಗೆ ಚರ್ಮ ಮೆತ್ತಗಾಗಿ ದನಿ ಸತ್ತುಹೋಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೆ ಮತ್ತೆ ನಾದ. ಮಾದಪ್ಪನ ಕಥೆ, ಸಿದ್ದಪ್ಪಾಜಿ ಕಥೆ ಬೆಳಗಿನ ತನಕ ನಡೀತಿತ್ತು, ಎಷ್ಟು ಸಲ ಕಾಯಿಸಿದೊ ಅನ್ನೋದರ ಮೇಲೆ ಆ ರಾತ್ರಿಯ ತೇವ ಗೊತ್ತಾಗೋದು. ಇದು ಒಳ್ಳೆ ಸಾಕ್ಷಿ ಅಂದುಕೊಂಡೆ. ಈಗ ನಮ್ಮ ಹುಡುಗರು ಪ್ಲಾಸ್ಟಿಕ್ ಹಾಳೆಯ ತಮಟೆ ತಂದಿದ್ದಾರೆ, ಅದಕ್ಕೆ ಚಳಿಯೂ ಇಲ್ಲ, ಮಳೆಯೂ ಇಲ್ಲ. ಸಾಕ್ಷಿ ಅಲ್ಲಿಗೆ ಸತ್ತಿತು. ರಾತ್ರಿ ಕೂಟವೂ ಹತ್ತೂವರೆಗೆ ಮುಗೀತದೆ.

ಎರಡು, ಅವರೆ. ರಾಗಿಯ ಅಕ್ಕಡಿ ಸಾಲಿನ ನಾಟಿ ಅವರೆ ಪುಷ್ಯ ಮಾಸದಲ್ಲಿ ಕಾಯಿ ಬಲೀತಿತ್ತು. ಇಬ್ಬನಿ ಬಿದ್ದಷ್ಟೂ ಸೊಗಡು. ಕೊಯ್ದು ಬಂದ ಅವ್ವನ ಕೈ ಮೂಸಿದರೆ ಎಣ್ಣೆ ಎಣ್ಣೆ ವಾಸನೆ. ಈಗ ಸೊಗಡಿಲ್ಲ ಅಂತ ಎಲ್ಲರೂ ಅಂತಾರೆ, ಚಳಿ ಇಲ್ಲದ್ದಕ್ಕೆ ಅಂತಾರೆ. ವಿಚಾರಿಸಿದಾಗ ಇನ್ನೊಂದು ವಿಷಯ ತಿಳೀತು. ನಾಟಿ ಅವರೆ ಹೂ ಬಿಡೋದು ಚಳಿ ನೋಡಿಕೊಂಡಲ್ಲ, ಹಗಲು ಚಿಕ್ಕದಾಗೋದು ನೋಡಿಕೊಂಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಂದ ತಳಿಗಳಿಗೆ ಆ ಕಟ್ಟಿಲ್ಲ, ವರ್ಷದಲ್ಲಿ ಯಾವಾಗ ಹಾಕಿದರೂ ಕಾಯಿ ಬಿಡ್ತವೆ. ಬಿಸಿಲು ಕಾಲದಲ್ಲಿ ಬಂದ ಅವರೆಗೆ ಸೊಗಡು ಎಲ್ಲಿಂದ ಬರುತ್ತದೆ? ಅಂದರೆ ಬದಲಾದದ್ದು ಚಳಿಯೋ, ಬೀಜವೋ? ನಾನು ಹೋದ ವರ್ಷ ತಲಮಲೆ ಕಡೆಯ ನೆಂಟರ ಮನೆಯಿಂದ ಒಂದು ಸೇರು ನಾಟಿ ಬೀಜ ತಂದು ತಗ್ಗಿನ ಹೊಲದಲ್ಲಿ ಹಾಕಿದೆ. ಸೊಗಡು ಬಂತು. ಹಿಂದಲಷ್ಟೇ ಬಂತಾ ಅಂದರೆ, ನನ್ನ ಮೂಗೂ ಹಿಂದಲದಲ್ಲ.

ಇನ್ನು ಚಳಿಗೆ ಬೆಂಕಿ ಹಾಕೋದೂ ಕಷ್ಟವಾಗಿದ್ದ ವರ್ಷಗಳಿವೆ, ಅದನ್ನ ಬಿಟ್ಟರೆ ಚರಿತ್ರೆ ಆಗಲ್ಲ. ವೀರಪ್ಪನ್ ಕಾಲದಲ್ಲಿ ರಾತ್ರಿ ಹೊಲದಲ್ಲಿ ಬೆಂಕಿ ಕಂಡರೆ ಯಾರು, ಯಾರಿಗೆ ಅನ್ನ ಬೇಯಿಸ್ತಾ ಇದ್ದೀಯ ಅಂತ ಕೇಳೋರು ಬರೋರು. ಬೆಂಕಿ ಇಲ್ಲದೆ ಆನೆ ಕಾವಲು ಕಾದಿದ್ದೊ. 2000ದ ಜುಲೈ 30ರ ರಾತ್ರಿ, ಭೀಮನ ಅಮಾವಾಸ್ಯೆ ಹೊತ್ತು, ಅಣ್ಣಾವ್ರನ್ನ ಗಾಜನೂರಿನ ತೋಟದ ಮನೆಯಿಂದ ಕಾಡಿಗೆ ಕರಕೊಂಡು ಹೋದರು. ಆಷಾಢದ ಗಾಳಿ ಬೀಸ್ತಿತ್ತು. ದೇಶವೆಲ್ಲ ಏನೇನೋ ಮಾತಾಡಿತು, ನಮ್ಮ ಊರ ಹೆಂಗಸರು ಮೊದಲು ಕೇಳಿದ್ದು, ಎಪ್ಪತ್ತೊಂದು ವರ್ಷದ ಯಜಮಾನ್ರಿಗೆ ಹೊದೆಯೋಕೆ ಏನಾದ್ರೂ ತಕ್ಕೊಂಡು ಹೋದ್ರಾ ಅಂತ. ಅವರು ಬಿಡುಗಡೆಯಾದದ್ದು ನವೆಂಬರ್ 15, 108 ದಿನದ ಮೇಲೆ. ಅಷ್ಟರಲ್ಲಿ ಗಾಳಿಯ ಚಳಿ ಮುಗಿದು ಇಬ್ಬನಿಯ ಚಳಿ ಶುರುವಾಗಿತ್ತು. ಆ ಕಾಡಿನ ರಾತ್ರಿ ಹೆಂಗಿರುತ್ತದೆ ಅಂತ ನಮಗೆ ಗೊತ್ತಿದ್ದದ್ದರಿಂದ ಆ ದಿನಗಳನ್ನ ನಾವು ಚಳಿಯಲ್ಲೇ ಎಣಿಸಿದ್ದು.

2016 ಇನ್ನೊಂದು ಮರೆಯದ ವರ್ಷ. ಆ ಹಿಂಗಾರು ತಮಿಳುನಾಡಿನಲ್ಲಿ ವಾಡಿಕೆಗಿಂತ ನೂರಕ್ಕೆ 62 ಪಾಲು ಕಮ್ಮಿ ಬಿತ್ತು. ನಮ್ಮ ಹುರುಳಿ ಮೇಲಕ್ಕೇ ಏಳಲಿಲ್ಲ. ಕೊಳವೆ ಬಾವಿಗಳು ಗಾಳಿ ಉಗುಳಿದವು. ಆ ಚಳಿಗಾಲದಲ್ಲಿ ರಾತ್ರಿ ಬಹಳ ಕುಳಿರು, ಹಗಲು ಉರಿ. ನನಗೆ ಅಜ್ಜಿಯ ದಾತು ಬರದ ಮಾತು ನೆನಪಾಯ್ತು. ಮೋಡ ಇಲ್ಲದ ವರ್ಷ ಚಳಿಯೂ ಜಾಸ್ತಿ, ಬಿಸಿಲೂ ಜಾಸ್ತಿ. ಅಂದಮೇಲೆ ಒಂದು ವರ್ಷ ಚಳಿ ಬಿತ್ತು ಅಂತ ಹಳೇ ಕಾಲ ವಾಪಸ್ ಬಂತು ಅಂತ ಕುಣಿಯೋ ಹಂಗಿಲ್ಲ.

ಹಂಗಾದರೆ ಚಳಿಯ ಲೆಕ್ಕ ಇಟ್ಟವರು ಲೋಕದಲ್ಲಿ ಯಾರೂ ಇಲ್ಲವಾ ಅಂದರೆ, ಇದ್ದಾರೆ. ಅಕ್ಕನ ಮೊಮ್ಮಗನೇ ಓದಿ ಹೇಳಿದ. ಜಪಾನ್ ದೇಶದಲ್ಲಿ ಬೆಟ್ಟಗಳ ನಡುವೆ ಸುವಾ ಅನ್ನೋ ಕೆರೆ, ಅದರ ದಡದಲ್ಲಿ ಊರು. ಚಳಿಗಾಲದಲ್ಲಿ ಆ ಕೆರೆ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆ ಬಿರಿದು ಒಂದು ದಿಂಡು ಏಳುತ್ತದೆ. ಕೆರೆಯ ಈ ದಡದ ದೇವರು ಆ ದಡದ ದೇವಿಯನ್ನ ನೋಡೋಕೆ ನಡೆದುಹೋದ ದಾರಿ ಅದು ಅಂತ ಅವರ ನಂಬಿಕೆ. ನಮ್ಮ ಬಿಳಿಗಿರಿ ರಂಗ ಸೋಲಿಗರ ಕುಸುಮಾಲೆಗಾಗಿ ಕಾಡು ಹೊಕ್ಕ ಕಥೆ ಇಲ್ಲವಾ, ಹಂಗೆ. ದೇವರು ದಾಟಿದ ದಿನ ಯಾವುದು ಅಂತ ಆ ಗುಡಿಯ ಪೂಜಾರಿಗಳು 1443ರಿಂದ ಬರೆದಿಟ್ಟಿದ್ದಾರೆ! ಮೊದಲ 250 ವರ್ಷದಲ್ಲಿ ಕೆರೆ ಹೆಪ್ಪುಗಟ್ಟದೆ ಹೋದದ್ದು ಮೂರೇ ಸಲ. 2005ರಿಂದ 2014ರ ಒಳಗೆ ಹತ್ತು ವರ್ಷದಲ್ಲೇ ಐದು ಸಲ. ಅವರಿಗೆ ಯಾರೂ ವಿಜ್ಞಾನ ಮಾಡಿ ಅಂತ ಹೇಳಿರಲಿಲ್ಲ. ದೇವರ ಮದುವೆಯ ಲೆಕ್ಕ ಇಟ್ಟರು, ಚಳಿಯ ಲೆಕ್ಕ ತಾನಾಗಿ ಸಿಕ್ಕಿತು. ಯುರೋಪಿನಲ್ಲೂ ಸ್ವಿಟ್ಜರ್ಲೆಂಡಿಗೂ ಜರ್ಮನಿಗೂ ನಡುವೆ ಕಾನ್‌ಸ್ಟನ್ಸ್ ಅಂತ ದೊಡ್ಡ ಸರೋವರ. ಅದು ಪೂರಾ ಹೆಪ್ಪುಗಟ್ಟಿದಾಗ ಮಾತ್ರ ಒಬ್ಬ ಸಂತರ ವಿಗ್ರಹವನ್ನ ಒಂದು ದಡದಿಂದ ಇನ್ನೊಂದು ದಡಕ್ಕೆ ಮೆರವಣಿಗೆಯಲ್ಲಿ ಹೊರುತ್ತಾರೆ. ಕಡೆಯ ಸಲ ಹೊತ್ತದ್ದು 1963ರ ಫೆಬ್ರವರಿ. ಆಗ ಸ್ವಿಟ್ಜರ್ಲೆಂಡ್ ದಡಕ್ಕೆ ಹೋದ ವಿಗ್ರಹ ಇನ್ನೂ ಅಲ್ಲೇ ಕಾಯ್ತಾ ಇದೆ.

ಇದು ಕೇಳಿದ ಮೇಲೆ ನಮ್ಮ ಗುಮಟಾಪುರದ ಸಗಣಿ ಹಬ್ಬ ನೆನಪಾಯ್ತು. ದೀಪಾವಳಿ ಪಾಡ್ಯದ ಮರುದಿನ ಬೀರೇಶ್ವರನ ಗುಡಿ ಮುಂದೆ ಸಗಣಿ ರಾಶಿ ಹಾಕಿ ಗಂಡಸರೆಲ್ಲ ಎರಚಾಡೋ ಹಬ್ಬ, ಆಮೇಲೆ ಕೆರೆಗೆ ಹೋಗಿ ಸ್ನಾನ. ನನ್ನ ಪ್ರಾಯದಲ್ಲಿ ಆಡಿ ಮುಗಿಸಿ ನೀರಿಗೆ ಇಳಿದರೆ ಮೈ ನಡುಗೋದು. ಪ್ರತಿ ವರ್ಷ ಆ ನೀರು ಎಷ್ಟು ತಣ್ಣಗಿತ್ತು ಅಂತ ಒಬ್ಬರಾದರೂ ಗುಡಿ ಪುಸ್ತಕದಲ್ಲಿ ಬರೆದಿದ್ದರೆ ಆ ಹುಡುಗನ ಮುಖಕ್ಕೆ ಹಿಡೀಬಹುದಿತ್ತು.

ಆದದ್ದು ಆಯ್ತು ಅಂತ ನಾವೇ ಶುರು ಮಾಡಿದೊ. ಉಷ್ಣಮಾಪಕವನ್ನ ಹುಡುಗರು ಮೊದಲು ವಾಚನಾಲಯದ ಪಡುವಣ ಗೋಡೆಗೆ ನೇತುಹಾಕಿದ್ದರು. ಮಧ್ಯಾಹ್ನ 44 ತೋರಿಸಿ ಊರೆಲ್ಲ ಗಾಬರಿ. ಅದು ಗಾಳಿಯ ಬಿಸಿ ಅಲ್ಲ, ಗೋಡೆಯ ಬಿಸಿ. ಸರಿಯಾಗಿ ಅಳೀಬೇಕಾದರೆ ಬಿಳಿ ಬಣ್ಣದ, ಗಾಳಿ ಆಡೋ ಹಂಗೆ ಪಟ್ಟಿ ಹೊಡೆದ ಮರದ ಪೆಟ್ಟಿಗೆ ಬೇಕು, ನೆಲದಿಂದ ನಾಲ್ಕಡಿ ಮೇಲೆ. ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಅನ್ನೋ ದೀಪಸ್ತಂಭ ಕಟ್ಟೋ ಎಂಜಿನಿಯರ್ ಮಾಡಿದ್ದು ಅದು, ಕಥೆ ಬರೆದ ಸ್ಟೀವನ್‌ಸನ್ನರ ತಂದೆ. ನಮ್ಮ ಆಚಾರಿ ಹಳೇ ಕಿಟಕಿ ಬಾಗಿಲು ಬಿಚ್ಚಿ ಅಂಥದೊಂದು ಮಾಡಿಕೊಟ್ಟರು, ಕಾಸು ಬೇಡ ಅಂದರು. ಹೊಂಗೆ ಮರದಿಂದ ಆಚೆ ಬಯಲಲ್ಲಿ ನಿಲ್ಲಿಸಿದ್ದೀವಿ. ಹೊತ್ತಾರೆ ಆರಕ್ಕೆ ನಾನು ಬರೀತೀನಿ, ಮಧ್ಯಾಹ್ನ ಎರಡೂವರೆಗೆ ಇಸ್ಕೂಲಿನ ಒಬ್ಬ ಹುಡುಗಿ ಬರೀತಾಳೆ. ಅವಳ ಅಕ್ಷರ ದುಂಡಗಿದೆ, ನನ್ನದು ಕಾಗೆ ಕಾಲು.

ಮನೆಯಲ್ಲಿ ಇನ್ನೊಂದು ಲೆಕ್ಕ ಇಟ್ಟಿದ್ದೀನಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಹಿಂದೆ ಅವ್ವ ಗೋಡೆ ಗೂಡಿನಲ್ಲಿ ಇಟ್ಟ ಬಾಟಲಿ ಕಾರ್ತಿಕದಲ್ಲಿ ಗಟ್ಟಿಯಾದರೆ ಶಿವರಾತ್ರಿ ತನಕ ಹೊತ್ತಾರೆ ಬಿಸಿಲಿಗೆ ಇಟ್ಟೇ ತಲೆಗೆ ಹಚ್ಚಬೇಕಿತ್ತು. ಹಂಗೇ ನೋಡೋಣ ಅಂತ ಈ ವರ್ಷ ಒಂದು ಬಾಟಲಿ ಅದೇ ಗೂಡಿನಲ್ಲಿ ಇಟ್ಟೆ. ಕಾರ್ತಿಕ ಮುಗಿದರೂ ಗಟ್ಟಿಯಾಗಲಿಲ್ಲ. ನೋಡಿದ್ಯಾ, ಚಳಿ ಹೋಯ್ತು ಅಂತ ಹೆಂಡತಿಗೆ ತೋರಿಸಿದೆ. "ಆ ಗೂಡಿನ ಹಿಂದ್ಗಡೆ ಈಗ ಗ್ಯಾಸ್ ಒಲೆ ಅದೆ, ಅದ್ಯಂಗ್ ಗಟ್ಟಿ ಆದಾದು" ಅಂದಳು. ಬಾಟಲಿ ತೆಗೆದು ದನದ ಕೊಟ್ಟಿಗೆಯ ತೊಲೆಗೆ ಕಟ್ಟಿದ್ದೀನಿ. ಮೂರನೇ ದಿನ ಹೊತ್ತಾರೆ ನೋಡಿದರೆ ತಳದಲ್ಲಿ ಬೆಳ್ಳಗೆ ಒಂದು ಬೆರಳಷ್ಟು ಕಟ್ಟಿತ್ತು. ಆವತ್ತಿನ ತಾರೀಕು ಪುಸ್ತಕದಲ್ಲಿ ಬರೆದಿದ್ದೀನಿ, ವಾಚನಾಲಯದ ಎರಡನೇ ಬೀರುವಿನಲ್ಲಿದೆ.